ಅಂತರಗಂಗೆಯಲ್ಲಿ ಮಕ್ಕಳ ಗವಿ ಸುತ್ತಾಟ: ಐದಕ್ಕೆ ನಾಲ್ಕು

ಕೋಲಾರದಲ್ಲಿ ಹುಟ್ಟಿ ಬೆಳೆದವರಿಗೆ ಅಂತರಗಂಗೆ ಬೆಟ್ಟ ಹೊಸದೇನಲ್ಲ. ಊರಿಂದ 3-4 ಕಿ.ಮೀ. ಮೆಟ್ಟಿಲು ಹತ್ತು, ಕಾಶಿ ವಿಶ್ವೇಶ್ವರನಿಗೆ ಕೈ ಮುಗಿ, ಕಲ್ಲು ಬಸವನ ಬಾಯಿಂದ ಬೀಳೋ ನೀರನ್ನ ಬಾಟಲಿಗೆ ತುಂಬ್ಕೋ, ಕೋತಿಗಳಿಂದ ತಪ್ಪಿಸ್ಕೊಂಡು ಇಳಿ. ನಮ್ಮ ಪಾಲಿಗೆ ಇಷ್ಟೇ. ದೇವಸ್ಥಾನದಿಂದ ಮೇಲಿರೋ ಗವಿಗಳಿಗೆ ದುಡ್ಡು ಕೊಟ್ಟು ಹೋಗೋರು ಹೆಚ್ಚಾಗಿ ಬೆಂಗಳೂರಿನವರು. ಹಾಗಾಗಿ ಇಲ್ಲಿನ ಹುಡುಗರ ತಂಡವೊಂದು ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಗವಿ ಸುತ್ತಿಸ್ತೀವಿ, ತಲೆಗೆ 600 ರೂಪಾಯಿ ಅಂದಾಗ ನನಗೆ ನಗು ಬಂತು. ನಮ್ಮ ಬೆಟ್ಟಾನ ನಮಗೇ ಮಾರ್ತಾರಲ್ಲ!

ಆದರೂ ನಮ್ಮಕ್ಕನ ಮಗನನ್ನ ಸೇರಿಸಿದೆ. ಹತ್ತು ವರ್ಷದವನು. ಅಕ್ಕ ಮಾತೆತ್ತಿದರೆ "ಬೇಡ, ಬೀಳ್ತೀಯಾ" ಅಂತಾಳೆ. ಇವನೋ, ಗೊತ್ತಿಲ್ಲದ ಅಂಗಡಿಯಿಂದ ಒಂದು ಪೆನ್ಸಿಲ್ ತಾ ಅಂದರೂ "ಮಾಮ, ನೀನೂ ಬಾ" ಅಂತಾನೆ. ಮಗುವಿನ ಜೊತೆ ದೊಡ್ಡವರೊಬ್ಬರು ಬರಬಹುದು, ಆದರೆ ಸಾಲಿನ ಕೊನೇಲಿ ಇರಬೇಕು, ಮಧ್ಯೆ ಬಾಯಿ ಹಾಕಬಾರದು ಅನ್ನೋದು ತಂಡದ ಷರತ್ತು.

ಇಲ್ಲಿ ಗವಿ ಅಂದರೆ ಯಾರೋ ಕೊರೆದಿದ್ದಲ್ಲ, ದೊಡ್ಡ ದೊಡ್ಡ ಬಂಡೆಗಳು ಒಂದರ ಮೇಲೊಂದು ಒರಗಿ ಉಳಿದ ಸಂದುಗಳು. ಕೆಲವು ಕಡೆ ನಡೀಬಹುದು, ಕೆಲವು ಕಡೆ ತೆವಳಬೇಕು. ಒಂದು ಕಡೆಯಂತೂ ಹೊಟ್ಟೆಯನ್ನ ಬಂಡೆಗೆ ಒತ್ತಿ, ಕಾಲು ಇಳಿಬಿಟ್ಟು, ಕಣ್ಣಿಗೆ ಕಾಣದ ಅಂಚನ್ನ ಪಾದದಲ್ಲೇ ಹುಡುಕಬೇಕು. ಅಳಿಯ ಅಲ್ಲಿ ನಿಂತ. "ನನ್ ಕೈಲಾಗಲ್ಲ" ಅಂದ. ನಾನು ಮುಂದೆ ನುಗ್ಗಿ ಕೈ ಚಾಚಿದರೆ, ಕೆಳಗಿದ್ದ ಗೈಡ್ "ಸಾರ್, ನೀವು ಸುಮ್ನಿರಿ" ಅಂದುಬಿಟ್ಟ. ಹುಡುಗನಿಗೆ ಹೇಳಿದ್ದು ಇಷ್ಟೇ: "ಎಡಗಾಲಿಂದ ಒಂದು ಗೇಣು ಕೆಳಗೆ ಅಂಚಿದೆ. ನಾನು ಇಲ್ಲೇ ಇದೀನಿ." ಆಮೇಲೆ ಆಸಾಮಿ ಬಾಯೇ ಬಿಡಲಿಲ್ಲ. ಶಭಾಷೂ ಇಲ್ಲ, ಧೈರ್ಯ ತಗೋ ಅನ್ನೋದೂ ಇಲ್ಲ. ಬಾವಲಿ ವಾಸನೆ, ಹಿಂದೆ ಮಕ್ಕಳ ಗುಸುಗುಸು. ಎಷ್ಟೋ ಹೊತ್ತಾದ ಮೇಲೆ ನಮ್ಮವನು ಕೇಳಿದ: "ಅಣ್ಣ, ಟಾರ್ಚ್ ನನ್ನ ಕೈಗೆ ಕೊಡ್ತೀರಾ?" ಕೊಟ್ಟ. ಇವನು ಬಗ್ಗಿ, ತಾನೇ ಬೆಳಕು ಬಿಟ್ಟು ಅಂಚು ನೋಡ್ಕೊಂಡ, ಟಾರ್ಚ್ ವಾಪಸ್ ಕೊಟ್ಟ, ಇಳಿದ. ನನ್ನ 600 ರೂಪಾಯಿ ಅಲ್ಲಿಗೆ ವಸೂಲಾಯ್ತು.

ಅದೇ ಜಾಗದಲ್ಲಿ ಒಬ್ಬ ಹುಡುಗಿ ಇಳಿಯೋದೇ ಇಲ್ಲ ಅಂತ ಕೂತುಬಿಟ್ಟಳು. ಅವಳಪ್ಪ ಹಿಂದಿನಿಂದ "ನೋಡು, ನಿನಗಿಂತ ಚಿಕ್ಕೋರು ಹೋದ್ರು" ಅಂತ ಶುರು ಹಚ್ಚಿಕೊಂಡರು. ಗೈಡ್ ಅವರ ಮಾತನ್ನ ಅಲ್ಲಿಗೇ ತಡೆದು, ಹುಡುಗಿಯನ್ನ ಇನ್ನೊಬ್ಬನ ಜೊತೆ ಹೊರಗಿನ ದಾರೀಲಿ ಕಳಿಸಿದ. ಮುಂದಿನ ಗವಿಗೂ ಅವಳು ಇಳಿಯಲಿಲ್ಲ. ಬಾಯಲ್ಲಿ ನಿಂತು ಟಾರ್ಚ್ ಹಿಡಿದು, ಒಳಗೆ ಹೋಗೋರಿಗೆಲ್ಲ "ತಲೆ ಬಗ್ಸು, ತಲೆ ಬಗ್ಸು" ಅಂತ ಜೋರಾಗಿ ಹೇಳ್ತಾ ಇದ್ದಳು. ಮಕ್ಕಳನ್ನ ಇಷ್ಟು ತಾಳ್ಮೆಯಿಂದ ನೋಡ್ಕೊಳ್ಳೋರು ನಮ್ಮೂರಲ್ಲಿ ಇದಾರೆ ಅಂತ ನನಗೆ ಗೊತ್ತಿರಲಿಲ್ಲ.

ಇನ್ನು ಕೊರತೆಗಳು. ಇಪ್ಪತ್ತು ಮಕ್ಕಳಿಗೆ ಇದ್ದದ್ದು ಮೂರೇ ಜನ. ಆ ಹುಡುಗಿ ಜೊತೆ ಒಬ್ಬ ಹೊರಟ ಮೇಲೆ ಸಾಲಿನ ಹಿಂದೆ ತಂಡದವರು ಯಾರೂ ಇರಲಿಲ್ಲ. ಗವಿಯೊಳಗೆ ಇದು ಸಣ್ಣ ವಿಷಯ ಅಲ್ಲ. ಹೆಲ್ಮೆಟ್ಟುಗಳೆಲ್ಲ ದೊಡ್ಡವರ ಅಳತೆ, ಪಟ್ಟಿ ಎಷ್ಟು ಬಿಗಿದರೂ ಕಣ್ಣಿನ ಮೇಲೇ ಜಾರುತ್ತೆ. ಕೊನೆಗೆ ಲ್ಯಾಮಿನೇಟ್ ಮಾಡಿದ "ಸಾಹಸಿ" ಸರ್ಟಿಫಿಕೇಟ್ ಬೇರೆ! ಆ ದುಡ್ಡಲ್ಲಿ ಸಣ್ಣ ಹೆಲ್ಮೆಟ್ ತರಬಹುದಿತ್ತು. ಉಪ್ಪಿಟ್ಟು ತಣ್ಣಗಿತ್ತು, ಮಕ್ಕಳು ಬಿಡದೆ ತಿಂದವು.

ಹೋಗೋರು ಚಪ್ಪಲಿ ಹಾಕ್ಕೊಂಡು ಹೋಗಬೇಡಿ, ಹಿಡಿತ ಇರೋ ಶೂ, ತುಂಬುತೋಳಿನ ಹಳೇ ಅಂಗಿ ಸಾಕು. ಕೈಯಲ್ಲಿ ಕವರ್ ಇದ್ದರೆ ಅದು ಕೋತಿ ಪಾಲು. ಬೇಸಿಗೇಲಿ ಬಂಡೆ ಕಾದಿರುತ್ತೆ, ಮಳೇಲಿ ಜಾರುತ್ತೆ, ಚಳಿಗಾಲವೇ ಸರಿ.

ಗೈಡ್‌ಗಳ ಸಂಖ್ಯೆ ಹೆಚ್ಚಿಸೋವರೆಗೆ ಐದನೇ ಸ್ಟಾರ್ ಕೊಡಲ್ಲ. ತರಚಿದ ಮೊಣಕೈ ನೋಡಿ ಅಕ್ಕ ನನಗೆ ಸರಿಯಾಗಿ ಬೈದಳು. ಮುಂದಿನ ಬ್ಯಾಚಿಗೂ ಅಳಿಯನ ಹೆಸರು ಬರೆಸಿದೀನಿ, ಅವಳಿಗಿನ್ನೂ ಹೇಳಿಲ್ಲ.