ನಡುವೆ ರಾದಿಂದ ಜೆಪೆಗ್‌ಗೆ ಬದಲಿಸಿದೆ, ಅಜ್ಜಿಯ ಫೋಟೋಗಳು ಹಾಳಾದವು

ಮನೆಯ ಸಮಾರಂಭದಲ್ಲಿ ಫೋಟೋ ತೆಗೆಯುವ ಕೆಲಸ ನಿಮ್ಮ ಪಾಲಿಗೆ ಬಂದಿದ್ದರೆ ದಯವಿಟ್ಟು ಇದನ್ನು ಓದಿ. ಅದರಲ್ಲೂ ಯಾವಾಗಲೂ ರಾದಲ್ಲೇ ತೆಗೆದು ರೂಢಿ ಇರುವವರು ಓದಲೇಬೇಕು. ರಾ (RAW) ಅಂದರೆ ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೈಲ್, ಜೆಪೆಗ್ (JPEG) ಅಂದರೆ ಕ್ಯಾಮೆರಾವೇ ತಿದ್ದಿ, ಕುಗ್ಗಿಸಿ ಕೊಡುವ ಫೋಟೋ.

ಅಜ್ಜಿಗೆ 90 ತುಂಬಿದ ದಿನ. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲರೂ ಸೇರಿದ್ದರು. ಅಜ್ಜಿ ಹೊರಗೆ ಬರುವ ಮೊದಲು ಅಂಗಳದಲ್ಲಿ 12 ಫೋಟೋ ತೆಗೆದೆ. ಆಮೇಲೆ ನೋಡಿದರೆ ಕಾರ್ಡ್‌ನಲ್ಲಿ ಇನ್ನು 60 ಫೋಟೋಗೆ ಮಾತ್ರ ಜಾಗ. ಹಳೆಯ ಫೋಟೋ ಖಾಲಿ ಮಾಡಿರಲಿಲ್ಲ, ಇನ್ನೊಂದು ಕಾರ್ಡ್ ತಂದಿರಲಿಲ್ಲ. ನನ್ನದು 24 ಮೆಗಾಪಿಕ್ಸೆಲ್ ಕ್ಯಾಮೆರಾ. ಒಂದು ರಾ ಫೈಲ್ ಸುಮಾರು 28 ಎಂಬಿ ಆಗುತ್ತದೆ, ಜೆಪೆಗ್ ಆದರೆ 9 ಎಂಬಿ. ಮೆನುಗೆ ಹೋಗಿ ಜೆಪೆಗ್‌ಗೆ ಬದಲಿಸಿದೆ. ಐದು ಸೆಕೆಂಡಿನ ಕೆಲಸ. ಅಜ್ಜಿ ಬಂದು ಕೂತರು.

ಹಿಂದಿನ ರಾತ್ರಿ ಒಳಗೆ ಬಲ್ಬ್ ಬೆಳಕಲ್ಲಿ ತೆಗೆದಿದ್ದೆ. ಸ್ಕ್ರೀನಿನಲ್ಲಿ ಚೆನ್ನಾಗಿ ಕಾಣಲಿ ಅಂತ ವೈಟ್ ಬ್ಯಾಲೆನ್ಸನ್ನು, ಅಂದರೆ ಬೆಳಕಿಗೆ ತಕ್ಕಂತೆ ಬಣ್ಣ ಸರಿಪಡಿಸುವ ಸೆಟ್ಟಿಂಗನ್ನು, ಬಲ್ಬಿನ ಗುರುತಿಗೆ ಹಾಕಿದ್ದೆ. ಅದು ಹಾಗೇ ಇತ್ತು. ಕಣ್ಣಿಟ್ಟು ನೋಡುವ ವ್ಯೂಫೈಂಡರಿನಲ್ಲಿ ಕಾಣುವುದು ಕನ್ನಡಿಯಿಂದ ಬಂದ ನಿಜವಾದ ನೋಟ, ಅಲ್ಲಿ ಬಣ್ಣದ ತಪ್ಪು ಗೊತ್ತಾಗುವುದಿಲ್ಲ. ಹಿಂದಿನ ಸ್ಕ್ರೀನ್ ಬಿಸಿಲಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ನಿಂತು ನೋಡಲು ಪುರುಸೊತ್ತೂ ಇರಲಿಲ್ಲ.

ರಾತ್ರಿ ಕಂಪ್ಯೂಟರಿಗೆ ಹಾಕಿದಾಗ ಎದೆ ಧಸಕ್ ಎಂದಿತು. ಎಲ್ಲಾ ಫೋಟೋ ನೀಲಿ. ಶಾಯಿ ನೀರಲ್ಲಿ ಅದ್ದಿ ತೆಗೆದ ಹಾಗೆ.

ಮೊದಲ 12 ಫೋಟೋಗಳೂ ನೀಲಿಯೇ. ಆದರೆ ಅವು ರಾ. ಸಾಫ್ಟ್‌ವೇರ್‌ನಲ್ಲಿ ವೈಟ್ ಬ್ಯಾಲೆನ್ಸನ್ನು ಹಗಲಿನ ಬೆಳಕಿಗೆ, ಅಂದರೆ 5500 ಕೆಲ್ವಿನ್ ಆಸುಪಾಸಿಗೆ ತಂದೆ. ಒಂದೇ ಕ್ಷಣದಲ್ಲಿ ಸರಿಹೋದವು, ಏನೂ ಆಗಿಯೇ ಇಲ್ಲ ಎಂಬಂತೆ. ಯಾಕೆಂದರೆ ರಾ ಫೈಲ್‌ನಲ್ಲಿ ಇರುವುದು ಸೆನ್ಸರ್ ಅಳೆದ ಬೆಳಕಿನ ಲೆಕ್ಕ. ವೈಟ್ ಬ್ಯಾಲೆನ್ಸ್ ಅದರ ಜೊತೆ ಬರೆದಿಟ್ಟ ಒಂದು ಚೀಟಿ ಅಷ್ಟೇ. ಚೀಟಿ ಬದಲಿಸಿದರೆ ಮುಗಿಯಿತು.

ಜೆಪೆಗ್ ಹಾಗಲ್ಲ. ಅದು ಅಡುಗೆ ಆಗಿ ಬಂದ ಮೇಲಿನ ಸ್ಥಿತಿ. ಬಲ್ಬಿನ ಬೆಳಕಲ್ಲಿ ನೀಲಿ ಕಡಿಮೆ ಇರುತ್ತದೆ ಅಂತ ಕ್ಯಾಮೆರಾ ನೀಲಿಯನ್ನು ಎತ್ತಿ, ಕೆಂಪನ್ನು ಕೆಳಗೆ ಬಿಟ್ಟು, ಅದನ್ನೇ ಕೊನೆ ಅಂತ ಬರೆದುಬಿಟ್ಟಿತ್ತು. ನನ್ನ ಕ್ಯಾಮೆರಾದ ರಾ 14 ಬಿಟ್‌ನದು, ಒಂದೊಂದು ಬಣ್ಣಕ್ಕೆ 16,384 ಮೆಟ್ಟಿಲು. ಜೆಪೆಗ್ 8 ಬಿಟ್, 256 ಮೆಟ್ಟಿಲು ಮಾತ್ರ. ಅದರಲ್ಲೂ ಕೆಂಪು ಕೆಳಗಿನ ಕೆಲವೇ ಮೆಟ್ಟಿಲಲ್ಲಿ ಸಿಕ್ಕಿಕೊಂಡಿತ್ತು. ಎಳೆದು ಮೇಲೆ ತಂದರೆ ಅಜ್ಜಿಯ ಕೆನ್ನೆಯ ಮೇಲೆ ಇಟ್ಟಿಗೆ ಬಣ್ಣದ ಕಲೆಗಳು. ಗದ್ದದ ಕೆಳಗಿನ ನೆರಳಲ್ಲಿ ಚೌಕ ಚೌಕ. ಜೆಪೆಗ್ ಚಿತ್ರವನ್ನು 8 ಪಿಕ್ಸೆಲ್ ಉದ್ದ 8 ಪಿಕ್ಸೆಲ್ ಅಗಲದ ತುಂಡು ಮಾಡಿ ಕುಗ್ಗಿಸುತ್ತದೆ, ಆ ತುಂಡುಗಳೇ ಎದ್ದು ಬಂದಿದ್ದವು. ಕೂದಲಂತೂ ಇನ್ನೂ ಕೆಟ್ಟಿತ್ತು. ಬಿಸಿಲು ಬಿದ್ದ ಬಿಳಿ ಕೂದಲಲ್ಲಿ ನೀಲಿ ಚಾನೆಲ್, ಅಂದರೆ ನೀಲಿ ಬಣ್ಣದ ಪಾಲು, ತುತ್ತತುದಿಯ 255ಕ್ಕೆ ಹೋಗಿ ಕೂತಿತ್ತು. ಇಳಿಸಿದರೆ ಎಳೆ ಎಳೆಯಾಗಿ ಕಾಣಬೇಕಾದ ಕೂದಲು ಬೂದು ಬಣ್ಣದ ಬಟ್ಟೆ ಕಟ್ಟಿದ ಹಾಗೆ ಕಾಣುತ್ತಿತ್ತು.

ಇಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ನಾನು ಚೆನ್ನಾಗಿದ್ದ ಸುಮಾರು 30 ಫೋಟೋ ಆರಿಸಿ, ತಿದ್ದಿ, ಅದೇ ಹೆಸರಲ್ಲಿ ಸೇವ್ ಮಾಡಿದೆ. ಸರಿ ಕಾಣಲಿಲ್ಲ ಅಂತ ಮತ್ತೆ ತೆರೆದು ತಿದ್ದಿದೆ, ಮತ್ತೆ ಸೇವ್. ಹೀಗೆ ಮೂರು ರಾತ್ರಿ. ಜೆಪೆಗ್ ತಿದ್ದಿ ಸೇವ್ ಮಾಡಿದಾಗಲೆಲ್ಲ ಮತ್ತೆ ಕುಗ್ಗುತ್ತದೆ, ಮತ್ತಷ್ಟು ವಿವರ ಹೋಗುತ್ತದೆ. ಅಷ್ಟರಲ್ಲಿ ಕಾರ್ಡನ್ನೂ ಖಾಲಿ ಮಾಡಿದ್ದೆ. ಮೂಲ ಫೋಟೋಗಳೇ ಇಲ್ಲವಾದವು. ಸುಮ್ನೆ ಒಂದು ಕಾಪಿ ಮಾಡಿ ಅದರ ಮೇಲೆ ಕೆಲಸ ಮಾಡಬಹುದಿತ್ತು.

ಜೆಪೆಗ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೆಳಕು, ಬಣ್ಣ ಎಲ್ಲಾ ಸರಿ ಹೊಂದಿಸಿಕೊಂಡು ತೆಗೆದರೆ ಜೆಪೆಗ್ ಚೆನ್ನಾಗಿಯೇ ಬರುತ್ತದೆ. ತಕ್ಷಣ ಕಳಿಸಬೇಕಾದ ಆಟದ ಫೋಟೋಗಳಿಗೆ ಅದೇ ಅನುಕೂಲ. ಅಪಾಯ ಇರುವುದು ರಾ ರೂಢಿ ಇರುವ ಕೈ ನಡುವೆ ಜೆಪೆಗ್‌ಗೆ ಹೋದಾಗ. ರಾದಲ್ಲಿ ವರ್ಷಗಟ್ಟಲೆ ತೆಗೆದ ನನಗೆ ವೈಟ್ ಬ್ಯಾಲೆನ್ಸ್ ನೋಡುವ ಅಭ್ಯಾಸವೇ ತಪ್ಪಿತ್ತು. ಬೆಳಕು ಸ್ವಲ್ಪ ಜಾಸ್ತಿ ಬಿಟ್ಟರೂ ಆಮೇಲೆ ತಗ್ಗಿಸಬಹುದು ಎಂಬ ಧೈರ್ಯ ಬೇರೆ. ಫಾರ್ಮ್ಯಾಟ್ ಬದಲಾಯಿತು, ಕೈ ಬದಲಾಗಲಿಲ್ಲ.

ಬದಲಿಸಲೇಬೇಕಾದರೆ ಮೊದಲು ಒಂದು ಫೋಟೋ ತೆಗೆದು, ನೆರಳಿಗೆ ಹೋಗಿ ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿ. ವೈಟ್ ಬ್ಯಾಲೆನ್ಸ್ ಆಟೋಗೆ ಹಾಕಿ. ಕಾರ್ಡ್‌ನಲ್ಲಿ ಜಾಗ ಇದ್ದರೆ ರಾ ಮತ್ತು ಜೆಪೆಗ್ ಎರಡೂ ಒಟ್ಟಿಗೆ ಉಳಿಸುವ ಆಯ್ಕೆ ಇಡಿ. ಇನ್ನೊಂದು ಮಾತು: ಎಷ್ಟೋ ಕ್ಯಾಮೆರಾಗಳು ಸೀನ್ ಮೋಡ್‌ಗಳಲ್ಲಿ (ಮುಖ, ಆಟ, ರಾತ್ರಿ ಎಂಬಂಥ ಸಿದ್ಧ ಆಯ್ಕೆಗಳಲ್ಲಿ) ಜೆಪೆಗ್ ಮಾತ್ರ ಉಳಿಸುತ್ತವೆ, ನೀವು ರಾ ಎಂದುಕೊಂಡೇ ತೆಗೆಯುತ್ತಿರುತ್ತೀರಿ. ಹಾಗಂತ ರಾ ಇದ್ದರೆ ಎಲ್ಲಾ ಉಳಿಯುತ್ತದೆ ಅಂತಲೂ ಅಲ್ಲ. ಮೂರೂ ಬಣ್ಣ ಪೂರ್ತಿ ತುಂಬಿ ಬೆಳ್ಳಗೆ ಸುಟ್ಟುಹೋದ ಜಾಗವನ್ನು ರಾ ಕೂಡ ವಾಪಸ್ ತರುವುದಿಲ್ಲ.

ಅಜ್ಜಿ ಆ ವರ್ಷವೇ ತೀರಿಕೊಂಡರು. ನಾನು ತಿದ್ದದೆ ಬಿಟ್ಟಿದ್ದ ಫೋಟೋಗಳಲ್ಲಿ ಒಂದರಲ್ಲಿ ಅವರು ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ನಗುತ್ತಿದ್ದಾರೆ. ಕೆಂಪು, ನೀಲಿ ಎರಡನ್ನೂ ಬಿಟ್ಟು ಹಸಿರು ಚಾನೆಲ್ ಒಂದನ್ನೇ ಇಟ್ಟುಕೊಂಡು ಕಪ್ಪುಬಿಳುಪು ಮಾಡಿದೆ. ಅದೊಂದೇ ಪ್ರಿಂಟ್ ಹಾಕಿಸುವ ಹಾಗಿತ್ತು. ಈಗ ಅಮ್ಮನ ಕೋಣೆಯಲ್ಲಿದೆ.

ಅಜ್ಜಿ ಅವತ್ತು ಹೊದ್ದಿದ್ದ ಶಾಲು ದಾಳಿಂಬೆ ಕಾಳಿನ ಬಣ್ಣದ್ದು. ಅದು ಸರಿಯಾಗಿ ಬಂದಿರುವುದು ಮೊದಲ 12ರಲ್ಲಿ ಒಂದರಲ್ಲಿ ಮಾತ್ರ. ಖಾಲಿ ಕುರ್ಚಿ, ಅದರ ಬೆನ್ನಿಗೆ ಮಡಿಸಿ ಹಾಕಿದ ಶಾಲು. ಅಜ್ಜಿ ಇನ್ನೂ ಹೊರಗೆ ಬಂದಿರಲಿಲ್ಲ.