ಬಿಯರ್ ಬಾಟಲಿಗೆ ತುಂಬುವ ಮುಂಚೆ ಅಳೆದು ನೋಡಿ

ಮನೆಯಲ್ಲೇ ಬಿಯರ್ ಮಾಡೋಣ ಅಂತ ಹೊಸದಾಗಿ ಕಿಟ್ ಕೊಂಡಿದ್ದೀರಾ? ಜೊತೆಗೆ ಬರುವ ಸೂಚನೆ ಹಾಳೆಯನ್ನು ಪೂರ್ತಿ ನಂಬಬೇಡಿ. ನನಗೆ ಸಿಕ್ಕಿದ್ದರಲ್ಲಿ "ಏಳು ದಿನ ಬಿಡಿ, ಗುಳ್ಳೆ ನಿಂತ ಮೇಲೆ ಬಾಟಲಿಗೆ ತುಂಬಿ, ಬಾಟಲಿಗೊಂದು ಚಮಚ ಸಕ್ಕರೆ ಹಾಕಿ" ಎಂದಿತ್ತು. ಬಿಯರಿನ ಸಾಂದ್ರತೆ ಅಳೆದು ಎಷ್ಟು ಸಕ್ಕರೆ ಉಳಿದಿದೆ ಅಂತ ತಿಳಿಸುವ ಹೈಡ್ರೋಮೀಟರಿನ ಸುದ್ದಿಯೇ ಇರಲಿಲ್ಲ. ಮಾರಿದವರನ್ನು ಕೇಳಿದರೆ, "ಅದೆಲ್ಲ ಪಳಗಿದವರಿಗೆ, ನಿಮಗೆ ಬೇಡ" ಅಂದರು.

ಹಾಳೆಯಲ್ಲಿದ್ದಂತೆಯೇ ಮಾಡಿದೆ. ಕಪಾಟಿನಲ್ಲಿಟ್ಟಿದ್ದ ಒಂದು ಬಾಟಲಿ ರಾತ್ರಿ ಸಿಡಿಯಿತು. ಅದರ ಹೊಡೆತಕ್ಕೆ ಪಕ್ಕದವೂ ಒಡೆದವು. ಗಾಜಿನ ಚೂರುಗಳು ಬಾಗಿಲಿನ ಮರಕ್ಕೆ ನಾಟಿಕೊಂಡಿದ್ದವು. ಹಗಲು ಹೊತ್ತು ಮಗು ಆ ಕಪಾಟಿನ ಮುಂದೆಯೇ ಕೂತು ಆಡುತ್ತದೆ. ನೆನೆಸಿಕೊಂಡರೆ ಈಗಲೂ ಕೈಕಾಲು ತಣ್ಣಗಾಗುತ್ತದೆ.

ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಜೊತೆಗೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಹುದುಗಿಸುವ ಡ್ರಮ್ಮಿನಲ್ಲಿ ಅದು ಏರ್‌ಲಾಕ್ (ಗ್ಯಾಸನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ ಕೊಳವೆ) ಮೂಲಕ ಗುಳ್ಳೆಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಬಾಟಲಿಯಲ್ಲಿ ದಾರಿಯೇ ಇಲ್ಲ. ಗುಳ್ಳೆ ನಿಂತ ಮಾತ್ರಕ್ಕೆ ಹುದುಗುವುದು ಮುಗಿಯಿತು ಅಂತಲ್ಲ. ಚಳಿಗೆ ಯೀಸ್ಟ್ ಮಂಕಾಗಿರಬಹುದು. ಮುಚ್ಚಳ ಸಡಿಲವಿದ್ದು ಗ್ಯಾಸ್ ಬೇರೆ ಕಡೆಯಿಂದ ಸೋರುತ್ತಿರಬಹುದು. ಬಾಟಲಿಗೆ ತುಂಬಿದ ಮೇಲೆ ಸ್ವಲ್ಪ ಸೆಖೆಯಾದರೆ ಸಾಕು, ಮತ್ತೆ ಶುರು.

ಲೆಕ್ಕ ನೋಡಿ. ಒಂದು ಲೀಟರಿನಲ್ಲಿ 4 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು 2 ಗ್ರಾಂ ಗ್ಯಾಸ್ ಹುಟ್ಟುತ್ತದೆ. ಸಾಮಾನ್ಯ ಬಿಯರಿನಲ್ಲಿ ಲೀಟರಿಗೆ ಇರುವುದೇ 5 ಗ್ರಾಂ ಆಸುಪಾಸು. ಹೈಡ್ರೋಮೀಟರಿನಲ್ಲಿ ನೀರು 1.000 ತೋರಿಸುತ್ತದೆ, ಸಕ್ಕರೆ ಹೆಚ್ಚಿದಷ್ಟೂ ಅಂಕಿ ಏರುತ್ತದೆ. 1.010ಕ್ಕೆ ನಿಲ್ಲಬೇಕಾದ ಬಿಯರನ್ನು 1.020 ಇರುವಾಗಲೇ ತುಂಬಿದರೆ, ಆ 5 ಗ್ರಾಂನ ಎರಡು ಪಟ್ಟು ಗ್ಯಾಸ್ ಹೆಚ್ಚುವರಿಯಾಗಿ ಬರುತ್ತದೆ. ಯಾವ ಗಾಜು ತಡೆಯುತ್ತೆ ಹೇಳಿ?

ಹಾಗಾಗಿ ಹೈಡ್ರೋಮೀಟರ್ ಇಲ್ಲದೆ ಶುರು ಮಾಡಲೇಬೇಡಿ. ಎರಡು ಮೂರು ದಿನದ ಅಂತರದಲ್ಲಿ ಅಳೆಯಿರಿ, ಅಂಕಿ ಬದಲಾಗಬಾರದು. ಬದಲಾಗದೆ 1.020ರಲ್ಲೇ ನಿಂತಿದ್ದರೂ ತುಂಬಬೇಡಿ. ಏಲ್ ಎಂಬ ಬಗೆಯ ಬಹಳಷ್ಟು ಬಿಯರುಗಳು 1.008ರಿಂದ 1.015ರ ನಡುವೆ ಬಂದು ನಿಲ್ಲುತ್ತವೆ. ಡ್ರಮ್ಮನ್ನು ಸ್ವಲ್ಪ ಬೆಚ್ಚಗಿನ ಜಾಗಕ್ಕೆ ಸರಿಸಿ ಕಾಯಿರಿ. ಒಂದು ವಾರ ಜಾಸ್ತಿ ಆದರೆ ಬಿಯರಿಗೆ ಏನೂ ಆಗಲ್ಲ.

ಬಾಟಲಿಯಲ್ಲಿ ಬೇಕಾದಷ್ಟೇ ಗ್ಯಾಸ್ ಹುಟ್ಟಲೆಂದು ಹಾಕುವ ಸಕ್ಕರೆಗೆ ಚಮಚದ ಲೆಕ್ಕವೂ ಬೇಡ. ಚಿಕ್ಕ ಬಾಟಲಿಗೂ ದೊಡ್ಡದಕ್ಕೂ ಒಂದೇ ಚಮಚ ಅಂದರೆ ಹೇಗೆ? ಲೀಟರಿಗೆ 6ರಿಂದ 7 ಗ್ರಾಂ ಸಕ್ಕರೆ ತೂಕ ಮಾಡಿ, ನೀರಿನಲ್ಲಿ ಕುದಿಸಿ ಕರಗಿಸಿ, ಆರಿದ ಮೇಲೆ ಇಡೀ ಬಿಯರಿಗೆ ನಿಧಾನವಾಗಿ ಬೆರೆಸಿ. ಗ್ಯಾಸ್ ಒತ್ತಡ ತಡೆಯುವ ದಪ್ಪ ಬಿಯರ್ ಬಾಟಲಿಯನ್ನೇ ಬಳಸಿ. ಜ್ಯೂಸಿನ ತೆಳು ಬಾಟಲಿ, ಚೌಕ ಬಾಟಲಿ ಖಂಡಿತ ಬೇಡ.

ಈಗಾಗಲೇ ತುಂಬಿಟ್ಟು ಅನುಮಾನ ಬಂದಿದೆಯಾ? ಬರಿಗೈಯಲ್ಲಿ ಮುಟ್ಟಬೇಡಿ. ಮಕ್ಕಳನ್ನು ದೂರ ಕಳಿಸಿ. ಕಣ್ಣಿಗೆ ಸೇಫ್ಟಿ ಕನ್ನಡಕ, ಕೈಗೆ ದಪ್ಪ ಗ್ಲೌಸ್, ಮೈಗೆ ದಪ್ಪ ಬಟ್ಟೆ ಹಾಕಿಕೊಂಡು ಬಾಟಲಿಗಳ ಮೇಲೆ ಕಂಬಳಿ ಮುಚ್ಚಿ. ಆಮೇಲೆ ಅಲುಗಾಡಿಸದೆ ಫ್ರಿಜ್‌ಗೆ ಸಾಗಿಸಿ. ತಣ್ಣಗಾದರೆ ಒತ್ತಡ ಇಳಿಯುತ್ತದೆ, ಯೀಸ್ಟೂ ನಿಧಾನವಾಗುತ್ತದೆ. ಚೆನ್ನಾಗಿ ತಣಿದ ಮೇಲೆ ಅದೇ ಕನ್ನಡಕ, ಗ್ಲೌಸ್ ಹಾಕಿಕೊಂಡು ಒಂದೊಂದಾಗಿ ಮುಚ್ಚಳ ತೆಗೆದು ಗ್ಯಾಸ್ ಬಿಡಿ.

ಮುಂದಿನ ಸಲ ತುಂಬುವಾಗ ಒಂದನ್ನಾದರೂ ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಜೊತೆಗಿಡಿ. ದಿನಾ ಒತ್ತಿ ನೋಡಿ. ಅದು ಕಲ್ಲಿನಂತೆ ಗಟ್ಟಿಯಾದರೆ ಉಳಿದವನ್ನೂ ಅವತ್ತೇ ಫ್ರಿಜ್‌ಗೆ ಹಾಕಿ.