ಸಂಪಾಜೆ ಘಾಟಿಯಲ್ಲಿ ನಮ್ಮ ಆಟೋಮ್ಯಾಟಿಕ್ ಕಾರು

ಎರಡು ಮಳೆಗಾಲ ಈ ಕಾರನ್ನು ಮಡಿಕೇರಿಯಲ್ಲಿ ಓಡಿಸಿದ್ದೇನೆ. ಊರೊಳಗೆ ಆರಾಮ, ಎಡಗಾಲಿಗೆ ಕೆಲಸವೇ ಇಲ್ಲ. ಆದರೆ ನನಗೆ ಜಾಸ್ತಿ ಇಷ್ಟವಾಗಿದ್ದು ಗೇರ್ ಲಿವರ್‌ನ ಸಾಲಿನಲ್ಲಿ ಕೊನೆಗಿರುವ '2' ಮತ್ತು 'ಎಲ್', ಅಂದರೆ ಕಾರು ಮೇಲಿನ ಗೇರಿಗೆ ಹೋಗದಂತೆ ಕೆಳಗಿನ ಗೇರಿನಲ್ಲೇ ಹಿಡಿದಿಡುವ ಸ್ಥಾನಗಳು.

ಮೊದಲು ಸಂಪಾಜೆ ಕಡೆ ಇಳಿಯುವಾಗ ಸುಮ್ನೆ ಮಾಮೂಲಿ ಓಟದ 'ಡಿ'ಯಲ್ಲೇ (ಡ್ರೈವ್) ಬಿಡುತ್ತಿದ್ದೆ. ಕಾರು ತಾನಾಗಿ ಮೇಲಿನ ಗೇರಿಗೆ ಹೋಗುತ್ತಿತ್ತು, ನಾನು ಬ್ರೇಕ್ ಒತ್ತುತ್ತಲೇ ಇರುತ್ತಿದ್ದೆ. ಒಂದು ದಿನ ಕೊಯನಾಡು ಹತ್ತಿರ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬಂತು. ಪೆಡಲ್ ಮೆತ್ತಗಾಗಿತ್ತು. ಹಿಂದೆ ಮಕ್ಕಳು ಮಲಗಿದ್ದರು. ಕೈ ನಡುಗಿತು. ಬದಿಗೆ ಹಾಕಿ ಅರ್ಧ ಗಂಟೆ ಆರಲು ಬಿಟ್ಟೆ.

ಈಗ ಇಳಿಜಾರು ಶುರುವಾಗುವ ಮೊದಲೇ ವೇಗ 40ಕ್ಕೆ ತಂದು '2'ಕ್ಕೆ ಹಾಕುತ್ತೇನೆ. ಎಂಜಿನ್ ಗೊರ್ ಅನ್ನುತ್ತೆ, ಯಾರೋ ಹಿಂದಿನಿಂದ ಕಾರನ್ನು ಹಿಡಿದ ಹಾಗೆ. ಆ ಶಬ್ದಕ್ಕೆ ಹೆದರಬೇಡಿ, ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮುಳ್ಳು ಕೆಂಪು ಗೆರೆ ಮುಟ್ಟದಿದ್ದರೆ ಆಯ್ತು. ತಿರುವಿಗೆ ಬ್ರೇಕ್ ಮುಟ್ಟಿ ಬಿಟ್ಟರೆ ಸಾಕು. 'ಎಲ್' ಬೇಕಾಗುವುದು ನಮ್ಮ ತೋಟದ ಕಡಿದಾದ ಏರಿಗೆ ಮಾತ್ರ. ನ್ಯೂಟ್ರಲ್‌ನಲ್ಲಿ ಮಾತ್ರ ಯಾವತ್ತೂ ಇಳಿಯಬೇಡಿ.

ಒಂದೇ ಕೊರತೆ: ಮಂಜು ಕವಿದ ಸಂಜೆ ಲಿವರ್ ಪಕ್ಕದ ಅಕ್ಷರಗಳು ಕಾಣುವುದೇ ಇಲ್ಲ. ಅಲ್ಲೊಂದು ದೀಪ ಬೇಕಿತ್ತು, ಅಲ್ವಾ?